ಹೈಡ್ರೋಕ್ಲೋರಿಕ್ ಆಮ್ಲ ಯಾಕೆ ಬೇಡ?

1989ರಲ್ಲಿ ನಾನು ಈ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದೆ. ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳವರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯನ್ನು ಇಂಗ್ಲಿಷ್ ಗೈಡುಗಳ ಬಲದಲ್ಲಿ ದಾಟಿ ಬಂದಿದ್ದೆವು. ಸಮೀಕರಣಗಳು ಬಾಯಿಗೆ ಬರುತ್ತಿದ್ದವು. ಅವು ಯಾತರ ಬಗ್ಗೆ ಎಂದು ಯಾರೂ ಕೇಳಿರಲಿಲ್ಲ.

ಕೇಳಿದವರು ನಮ್ಮ ಕೆಮಿಸ್ಟ್ರಿ ಮೇಷ್ಟ್ರು. ಬೋರ್ಡಿನ ಮೇಲೆ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ, ವಿವರಿಸುತ್ತಿದ್ದುದು ಅಪ್ಪಟ ಕನ್ನಡದಲ್ಲಿ. ಅಣುಗಳನ್ನು ಎಣಿಸುವ ಅಳತೆಯಾದ ಮೋಲ್ ಪಾಠದ ದಿನ ಅಳತೆಯ ಜಾಡಿಯಲ್ಲಿ 18 ಮಿ.ಲೀ. ನೀರು ತಂದು ಮೊದಲ ಬೆಂಚಿನ ಮೇಲಿಟ್ಟರು. ಒಂದೇ ಗುಟುಕಿನಷ್ಟು ನೀರು. "ಇದೇ ಕಣ್ರಪ್ಪ ಒಂದು ಮೋಲ್. ಇದರಲ್ಲಿರೋ ಅಣುಗಳು 6.022ರ ಮುಂದೆ ಹತ್ತರ ಘಾತ 23" ಎಂದರು. ಜಾಡಿ ಕೈಯಿಂದ ಕೈಗೆ ಹೋಗಿ ಕೊನೆಯ ಬೆಂಚು ಮುಟ್ಟುವವರೆಗೂ ಅವರು ಮುಂದಿನ ಮಾತು ಆಡಲಿಲ್ಲ.

ನಿಜವಾದ ಪಾಠವೆಲ್ಲ ನಡೆದದ್ದು ಲ್ಯಾಬಿನಲ್ಲಿ. ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಟೈಟ್ರೇಷನ್ (ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿಹನಿಯಾಗಿ ಬಿಟ್ಟು, ಎಷ್ಟು ಬೇಕಾಯಿತೆಂದು ಅಳೆಯುವುದು) ನನಗೆ ಈಗಲೂ ಹಂತ ಹಂತವಾಗಿ ನೆನಪಿದೆ. ಪಿಪೆಟ್‌ನಿಂದ ಆಕ್ಸಾಲಿಕ್ ಆಮ್ಲವನ್ನು ಕೋನಿಕಲ್ ಫ್ಲಾಸ್ಕಿಗೆ ಬಿಟ್ಟು, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, 60–70 ಡಿಗ್ರಿವರೆಗೆ ಕಾಯಿಸಬೇಕು. ಹನಿ ಬಿಡುವ ಅಳತೆಗೆರೆಯ ಕೊಳವೆಯಾದ ಬ್ಯುರೆಟ್‌ನಲ್ಲಿ ಕಡುನೇರಳೆ ಪರ್ಮಾಂಗನೇಟ್. ಬಣ್ಣ ಗಾಢವಾದ್ದರಿಂದ ದ್ರವದ ಕೆಳಬಾಗು ಕಾಣುವುದಿಲ್ಲ, ರೀಡಿಂಗನ್ನು ಮೇಲಂಚಿನಲ್ಲೇ ತೆಗೆಯಬೇಕು. ಮೊದಲ ಕೆಲವು ಹನಿಗಳ ಬಣ್ಣ ಮಾಯವಾಗಲು ಹೊತ್ತು ಹಿಡಿಯುತ್ತದೆ. ಆಮೇಲೆ ಬಿದ್ದ ಹನಿ ಬಿದ್ದ ಕ್ಷಣದಲ್ಲೇ ಬಿಳಿಚಿಕೊಳ್ಳುತ್ತದೆ. ಕೊನೆಗೆ ಒಂದೇ ಹನಿ ಹೆಚ್ಚಾದರೂ ಇಡೀ ಫ್ಲಾಸ್ಕಿನಲ್ಲಿ ತಿಳಿಗುಲಾಬಿ ಬಣ್ಣ ನಿಂತುಬಿಡುತ್ತದೆ. ಕ್ರಿಯೆ ಮುಗಿಯಿತೆಂದು ಬಣ್ಣದಿಂದ ತಿಳಿಸುವ ಬೇರೆ ಇಂಡಿಕೇಟರ್ ಬೇಕಿಲ್ಲ.

ಇಷ್ಟನ್ನು ಯಾವ ಮ್ಯಾನ್ಯುಯಲ್ ಓದಿದರೂ ತಿಳಿಯುತ್ತದೆ. ನಮ್ಮ ಮೇಷ್ಟ್ರು ಬೆನ್ನ ಹಿಂದೆ ಬಂದು ನಿಂತು ಕೇಳುತ್ತಿದ್ದುದು ಬೇರೆ. "ಸಲ್ಫ್ಯೂರಿಕ್ಕೇ ಯಾಕಪ್ಪಾ? ಹೈಡ್ರೋಕ್ಲೋರಿಕ್ ಹಾಕಿದ್ರೆ ಏನಾಗುತ್ತೆ?" ಉತ್ತರ ಬರದಿದ್ದರೆ ಬೈಯುತ್ತಿರಲಿಲ್ಲ, ಮುಂದಿನ ಟೇಬಲ್ಲಿಗೆ ಹೋಗಿ ಅಲ್ಲಿಯೂ ಅದನ್ನೇ ಕೇಳುತ್ತಿದ್ದರು. ಪರ್ಮಾಂಗನೇಟ್ ಆ ಆಮ್ಲದ ಕ್ಲೋರೈಡನ್ನೂ ಉತ್ಕರ್ಷಿಸಿ, ಅಂದರೆ ಅದರ ಎಲೆಕ್ಟ್ರಾನ್ ಕಿತ್ತುಕೊಂಡು, ಕ್ಲೋರಿನ್ ಮಾಡುತ್ತದೆ. ಅದಕ್ಕೂ ಒಂದಿಷ್ಟು ಖರ್ಚಾಗಿ ರೀಡಿಂಗ್ ಏರಿಬಿಡುತ್ತದೆ. ನೈಟ್ರಿಕ್ ಆಮ್ಲ ತಾನೇ ಉತ್ಕರ್ಷಕ, ಆದ್ದರಿಂದ ಅದೂ ಆಗದು. ಮೊದಲ ಹನಿಗಳು ತಡಮಾಡುವುದಕ್ಕೆ ಕಾರಣ ಇನ್ನೂ ಚೆಂದ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಅದೇ ಕ್ರಿಯೆಗೆ ವೇಗವರ್ಧಕ, ಅದು ಒಂದಿಷ್ಟು ಹುಟ್ಟುವ ತನಕ ಕಾಯಲೇಬೇಕು. ಇದು ತಿಳಿದ ಮೇಲೆ ಪ್ರತಿ ಸಲ ಆ ಮೊದಲ ಹನಿಗಳನ್ನು ಬೇರೆಯೇ ಆಸಕ್ತಿಯಿಂದ ನೋಡುವಂತಾಯಿತು.

ಕೊಟ್ಟ ಲವಣದಲ್ಲಿ ಏನೇನಿದೆ ಎಂದು ಪತ್ತೆಹಚ್ಚುವ ಸಾಲ್ಟ್ ಅನಾಲಿಸಿಸ್ ಶುರುವಾದಾಗ ಇಡೀ ಕಾರಿಡಾರಿಗೆ ಕೊಳೆತ ಮೊಟ್ಟೆಯ ವಾಸನೆ. ಮೂಲೆಯಲ್ಲಿದ್ದ ಕಿಪ್ ಉಪಕರಣದಲ್ಲಿ ಕಬ್ಬಿಣದ ಸಲ್ಫೈಡಿನ ತುಂಡುಗಳ ಮೇಲೆ ಆಮ್ಲ ಬಿಟ್ಟು ಹೈಡ್ರೋಜನ್ ಸಲ್ಫೈಡ್ ತಯಾರಿಸುತ್ತಿದ್ದರು. ಆಮ್ಲೀಯ ದ್ರಾವಣಕ್ಕೆ ಅದನ್ನು ಹಾಯಿಸಿದರೆ ತಾಮ್ರ, ಕ್ಯಾಡ್ಮಿಯಂಗಳ ಸಲ್ಫೈಡ್ ಕೆಳಗಿಳಿಯುತ್ತದೆ. ಸತು, ನಿಕಲ್‌ಗಳು ಅಮೋನಿಯಾ ಹಾಕುವವರೆಗೆ ಜಪ್ಪಯ್ಯ ಅನ್ನುವುದಿಲ್ಲ. ಮೇಷ್ಟ್ರು ಕಾಮನ್ ಅಯಾನ್ ಪರಿಣಾಮ ಮತ್ತು ಸಾಲ್ಯುಬಿಲಿಟಿ ಪ್ರಾಡಕ್ಟ್ ಪಾಠವನ್ನು ಬೇಕೆಂದೇ ಅದೇ ವಾರ ಇಟ್ಟುಕೊಂಡಿದ್ದರು. ಆಮ್ಲದ ಹೈಡ್ರೋಜನ್ ಅಯಾನುಗಳು ಸಲ್ಫೈಡ್ ಅಯಾನನ್ನು ತಗ್ಗಿಸುತ್ತವೆ, ಆ ಅಲ್ಪಸ್ವಲ್ಪಕ್ಕೇ ತೀರಾ ಕರಗದವು ಮಾತ್ರ ಒತ್ತರಿಸುತ್ತವೆ, ಅಂದರೆ ಗಟ್ಟಿಯಾಗಿ ತಳಕ್ಕಿಳಿಯುತ್ತವೆ. ಬೆಳಿಗ್ಗೆ ಬೋರ್ಡಿನ ಮೇಲೆ ಕಂಡದ್ದು ಮಧ್ಯಾಹ್ನ ಟೆಸ್ಟ್ ಟ್ಯೂಬಿನಲ್ಲಿ ನಡೆಯುತ್ತಿತ್ತು. ನನ್ನ ಮಟ್ಟಿಗೆ ರಸಾಯನಶಾಸ್ತ್ರ ಒಂದು ವಿಷಯವಾಗಿ ಗಟ್ಟಿಯಾದದ್ದು ಆ ವಾರದಲ್ಲೇ.

ಸೀಸದ ಪರೀಕ್ಷೆಯನ್ನಂತೂ ಎಲ್ಲರೂ ಎರಡೆರಡು ಸಲ ಮಾಡುತ್ತಿದ್ದರು. ಹಳದಿ ಒತ್ತರವನ್ನು ಬಿಸಿನೀರಿನಲ್ಲಿ ಕರಗಿಸಿ ಆರಲು ಬಿಟ್ಟರೆ ಲೆಡ್ ಅಯೋಡೈಡ್ ಚಿನ್ನದ ಹೊಳಪಿನ ಚೂರುಗಳಾಗಿ ಮರಳಿ ಬರುತ್ತದೆ. ಕೆಮಿಕಲ್ ಖರ್ಚಾಗುತ್ತದೆಂದು ಗೊಣಗುತ್ತಿದ್ದ ಅಟೆಂಡರ್ ಅಣ್ಣನೂ ಆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

ಡಿಗ್ರಿ ಆದ ಮೇಲೆ ನಾನು ನೀರು ಪರೀಕ್ಷೆಯ ಕೆಲಸಕ್ಕೆ ಸೇರಿದೆ, ಅದೇ ಬದುಕಾಯಿತು. ಕೋಲಾರ, ಪಾವಗಡದ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದರ ಮೇಲೆ ಮಕ್ಕಳ ಹಲ್ಲು, ಮೂಳೆ ನಿಂತಿವೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ. ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿಂದ ಬರುವ ಗಡಸುತನಕ್ಕೆ ಈ ಮಿತಿ 200 ಮತ್ತು 600 ಮಿ.ಗ್ರಾಂ. ಈಗ ಯಂತ್ರಗಳೇ ಅಂಕಿ ಕೊಡುತ್ತವೆ. ಆದರೆ ಅಂಕಿ ಅನುಮಾನಕ್ಕೆಡೆ ಮಾಡಿದಾಗ "ಇದರ ಜೊತೆ ಇನ್ನೇನು ಕ್ರಿಯೆಗೆ ಇಳಿದಿರಬಹುದು?" ಎಂದು ಕೇಳಬೇಕಾದವನು ಮನುಷ್ಯನೇ. ಅದು ಹೈಡ್ರೋಕ್ಲೋರಿಕ್ ಆಮ್ಲದ ಪ್ರಶ್ನೆಯೇ.

ಪ್ರಾಕ್ಟಿಕಲ್ ತರಗತಿಗಳನ್ನು ವಿಡಿಯೊ ತೋರಿಸಿ ಮುಗಿಸುವುದು ಕೆಲವು ಕಡೆ ನಡೆಯುತ್ತಿದೆ. ಇದು ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಕೊನೆಯ ಹನಿಯನ್ನು ತಡೆಯುವುದು ಬೆರಳು ಕಲಿಯಬೇಕಾದ ವಿದ್ಯೆ.

ಪ್ರಾಂಶುಪಾಲರಿಗೂ ವಿಭಾಗದವರಿಗೂ ನನ್ನದೊಂದು ಕೋರಿಕೆ. ಈ ವರ್ಷ ಮೊದಲ ವರ್ಷದ ಮಕ್ಕಳು ತಮ್ಮ ತಮ್ಮ ಊರಿನ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತರಲಿ. ಗಡಸುತನ ಅಳೆಯಲು ಬಳಸುವ ಇಡಿಟಿಎ ಎಂಬ ರಾಸಾಯನಿಕದಿಂದ ಟೈಟ್ರೇಷನ್ ಮಾಡಿ, ಕೆಂಪು ದ್ರಾವಣ ನೀಲಿಗೆ ತಿರುಗುವುದನ್ನು ತಾವೇ ನೋಡಿ, ತಮ್ಮೂರಿನ ನೀರಿನ ಗಡಸುತನವನ್ನು ರೆಕಾರ್ಡಿನಲ್ಲಿ ಬರೆಯಲಿ. ಇಡಿಟಿಎ, ಬಫರ್, ಇಂಡಿಕೇಟರ್ ನಾನು ಕೊಡಿಸುತ್ತೇನೆ. ಪ್ರತಿಯೊಬ್ಬರ ಕೈಗೂ ಒಂದೊಂದು ಬ್ಯುರೆಟ್ ಸಿಗುವ ಹಾಗೆ ವಿಭಾಗದವರು ನೋಡಿಕೊಂಡರೆ ಸಾಕು.