ಅಕ್ಟೋಬರ್ ಬಿಸಿಲಿನ ಪತಂಗ

ಲಂಡನ್ನಿನ ನಮ್ಮ ಹಿತ್ತಲಿನಲ್ಲಿ ಇಂದು ಮಧ್ಯಾಹ್ನ, ಅಕ್ಟೋಬರ್ ತಿಂಗಳ ಎಳೆಬಿಸಿಲಿನಲ್ಲಿ ಅಂಕುಡೊಂಕಾಗಿ ಹಾರುತ್ತಿದ್ದ ಇಟ್ಟಿಗೆ ಬಣ್ಣದ ಜೀವಿಯನ್ನು ನಾನು ಮೊದಲು ಚಿಟ್ಟೆಯೆಂದೇ ಭಾವಿಸಿದ್ದೆ. ಅದು ಬೇಲಿಯ ಮೇಲೆ ಕ್ಷಣಕಾಲ ಕುಳಿತಾಗ ಬಾಚಣಿಗೆಯಂಥ ಮೀಸೆಗಳೂ, ಮುಂದಿನ ಒಂದೊಂದು ರೆಕ್ಕೆಯ ಹಿಂಬದಿಯ ಮೂಲೆಯಲ್ಲಿ ಅಲ್ಪವಿರಾಮದಂತೆ ಬಾಗಿದ ಬಿಳಿ ಮಚ್ಚೆಯೂ ಕಂಡವು. ಇದು ವೇಪರರ್ ಪತಂಗದ ಗಂಡೆಂದು ಗುರುತಿಸಲು ಅಷ್ಟೇ ಸಾಕಾಯಿತು. ಈ ಜಾತಿಯಲ್ಲಿ ಹಾರಾಟವೆಲ್ಲ ಗಂಡಿನದೇ. ಹೆಣ್ಣಿಗಿರುವುದು ಹಾರಲಾಗದ ಮೋಟು ರೆಕ್ಕೆ. ಅದು ತಾನು ಹೊರಬಂದ ಗೂಡನ್ನೇ ಅಪ್ಪಿಕೊಂಡು ಕುಳಿತು, ಗಂಧ ಸೂಸಿ ಗಂಡನ್ನು ಕರೆದು, ನೂರಾರು ಮೊಟ್ಟೆಗಳನ್ನು ಆ ಗೂಡಿನ ಮೇಲೆಯೇ ಇಟ್ಟು ಸಾಯುತ್ತದೆ. ಮೊಟ್ಟೆಗಳು ಚಳಿಗಾಲವನ್ನು ಹಾಗೆಯೇ ಕಳೆಯುತ್ತವೆ. ನಾಳೆ ಬೇಲಿಯ ಸಂದಿಗಳಲ್ಲಿ ಗೂಡನ್ನು ಹುಡುಕಬೇಕು. ಬೇಲಿಗೆ ಬಣ್ಣ ಬಳಿಯುವ ಕೆಲಸ ಮುಂದಕ್ಕೆ ಹೋಯಿತೆಂದು ಮನೆಯಲ್ಲಿ ಇನ್ನೂ ಹೇಳಿಲ್ಲ.