ಪೆನ್‌ಡ್ರೈವಿನಲ್ಲಿದ್ದ ಊರು

"ಇದರೊಳಗಿದ್ದ ಕನ್ನಡ ಎಲ್ಲಿ ಹೋಯ್ತು ಸರ್?"

ಮೊನ್ನೆ ಶನಿವಾರದಿಂದ ಈ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಶಿವಮೊಗ್ಗದಲ್ಲಿ ಎರಡು ದಿನದ ಶಿಬಿರ. ಬ್ಲಾಗ್ ತೆರೆಯುವುದು, ಬರಹ ಏರಿಸುವುದು, ಫೋಟೋ ಗಾತ್ರ ಇಳಿಸುವುದು, ಇಂಥವನ್ನೆಲ್ಲ ಕೈಹಿಡಿದು ಕಲಿಸುವುದು. ನಾನು ಸಹಾಯಕ್ಕೆ ಹೋಗಿದ್ದೆ. ಬಂದವರಲ್ಲಿ ಹೆಚ್ಚಿನವರು ಕಾಲೇಜು ಹುಡುಗರು. ಅವರ ನಡುವೆ ಒಬ್ಬರು ನಿವೃತ್ತ ಮೇಷ್ಟ್ರು, ಎಪ್ಪತ್ತರ ಆಸುಪಾಸು. ಜೇಬಿನಲ್ಲಿ ಕರವಸ್ತ್ರ ಸುತ್ತಿದ ಪೆನ್‌ಡ್ರೈವ್.

ಅದರಲ್ಲಿ ಅವರ ಊರಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಗದ್ದೆಗಳ ಹೆಸರು, ಯಾರ ಮನೆ ಎಲ್ಲಿತ್ತು, ಯಾವ ಕುಟುಂಬ ಎತ್ತ ಹೋಯಿತು, ಎಲ್ಲವನ್ನೂ ಹಿರಿಯರನ್ನು ಕೇಳಿ ಕೇಳಿ 12 ವರ್ಷ ಟೈಪ್ ಮಾಡಿಟ್ಟಿದ್ದರು. ಫೈಲ್ ತೆರೆದು, ಪೂರ್ತಿ ಕಾಪಿ ಮಾಡಿ ಬ್ಲಾಗಿನಲ್ಲಿ ಪೇಸ್ಟ್ ಮಾಡಿದರು. ಪರದೆ ತುಂಬ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಎಳೆದ ಎ, ಪೌಂಡ್ ಗುರುತು. ಆಗ ಕೇಳಿದ್ದು ಆ ಮಾತು. ನನ್ನ ಕಡೆ ತಿರುಗಿಯೂ ಇರಲಿಲ್ಲ, ಪರದೆಯನ್ನೇ ಕೇಳಿದಂತಿತ್ತು.

ಪಾಠ ಮಾಡುತ್ತಿದ್ದ ಹುಡುಗ ಬಗ್ಗಿ ನೋಡಿದ. "ಹಳೇ ಫಾಂಟು ಸರ್, ಹೊಸದಾಗಿ ಟೈಪ್ ಮಾಡ್ಬೇಕಾಗತ್ತೆ" ಅಂದು ಮುಂದಿನ ಸ್ಲೈಡಿಗೆ ಹೋದ. ಜಾಣ ಹುಡುಗ, ಕೆಲಸ ಚೆನ್ನಾಗಿ ಬಲ್ಲ. ಆದರೂ ನನಗೆ ಸಿಟ್ಟು ಬಂತು. 12 ವರ್ಷದ ಕೆಲಸಕ್ಕೆ ಅಷ್ಟೇನಾ ಉತ್ತರ?

ಆಗಿದ್ದು ಇಷ್ಟೇ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ನಾವು 'ಕ' ಒತ್ತಿದಾಗ ಒಳಗೆ ಉಳಿಯುವುದು ಇಂಗ್ಲಿಷಿನ ಪಿ, ಜೊತೆಗೊಂದು ಗೆರೆ ಎಳೆದ ಎ. ಫಾಂಟು ಅದಕ್ಕೆ ಕನ್ನಡದ ಅಂಗಿ ತೊಡಿಸಿ ತೋರಿಸುತ್ತದೆ. ಆ ಫಾಂಟು ಇಲ್ಲದ ಕಡೆ ಅಂಗಿ ಕಳಚುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಹಾಗಲ್ಲ, 'ಕ'ಗೆ 3221 ಅಂತ ತನ್ನದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಇದು ಮೇಷ್ಟ್ರ ತಪ್ಪಲ್ಲ. ಅವರಿಗೆ ಟೈಪಿಂಗ್ ಕಲಿಸಿದವರ ಹತ್ತಿರ ಇದ್ದಿದ್ದೇ ಅದು. ನುಡಿ, ಬರಹದಂಥ ತಂತ್ರಾಂಶಗಳು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ.

ಊಟದ ಹೊತ್ತಿಗೆ ಇಬ್ಬರೂ ಕೂತೆವು. ಹಳೇ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಮೊದಲ ಪುಟ ಹಾಕಿ ಗುಂಡಿ ಒತ್ತಿದೆ. ಕನ್ನಡ ಬಂತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಲ್ಲಲ್ಲಿ ಒತ್ತಕ್ಷರ ಕೆಟ್ಟಿತ್ತು, ಅರ್ಕಾವತ್ತು ಜಾಗ ತಪ್ಪಿತ್ತು. ಒಂದೊಂದೇ ಸರಿ ಮಾಡಿದೆವು. ಮಧ್ಯಾಹ್ನದ ತರಗತಿಯಲ್ಲಿ ಏನು ನಡೆಯಿತೋ ನಮಗಿಬ್ಬರಿಗೂ ಗೊತ್ತಿಲ್ಲ. ಸರ್ಚ್‌ನಲ್ಲಿ ಮೇಲೆ ಬರುವುದು ಹೇಗೆ ಅಂತ ಏನೋ ಇತ್ತಂತೆ.

ನನಗೆ ಅನ್ನಿಸಿದ್ದು, ಇಂಥ ಶಿಬಿರಗಳು ಸ್ಲೈಡಿನಿಂದ ಶುರುವಾಗಬಾರದು. "ನೀವೇನು ತಂದಿದ್ದೀರಿ?" ಅಂತ ಮೊದಲು ಕೇಳಬೇಕು. ತಾಲೂಕು ತಾಲೂಕಿನಲ್ಲಿ ಹೀಗೆ ಬರೆದಿಟ್ಟವರು ಇದ್ದಾರೆ. ಜಾತ್ರೆಯ ಲೆಕ್ಕ, ಸೋಬಾನೆ ಹಾಡು, ವಂಶದ ಪಟ್ಟಿ, ಎಲ್ಲ ಹಳೇ ಸೀಡಿಗಳಲ್ಲಿ, ಮುಚ್ಚಿಹೋದ ಡಿಟಿಪಿ ಅಂಗಡಿಗಳ ಕಂಪ್ಯೂಟರುಗಳಲ್ಲಿ ಬಿದ್ದಿದೆ. ಮಕ್ಕಳು ಮನೆ ಗುಡಿಸುವಾಗ ಎಸೆದುಬಿಟ್ಟರೆ ಮುಗೀತು. ಮತ್ತೆ ಟೈಪ್ ಮಾಡೋಣ ಅಂದ್ರೆ, ಹೇಳಿದ ಹಿರಿಯರೇ ಈಗ ಇಲ್ಲ.

ಸಂಜೆ ಆರಕ್ಕೆ ಲ್ಯಾಬ್ ಬೀಗ ಹಾಕಲು ಬಂದರು. ಹೊರಡುವ ಮುಂಚೆ ಫೈಲಿನಲ್ಲಿ ಹುಡುಕುವುದು ಹೇಗೆ ಅಂತ ತೋರಿಸಿದೆ. ಇಷ್ಟು ದಿನ ಕನ್ನಡದಲ್ಲಿ ಹುಡುಕಿದರೆ ಕಂಪ್ಯೂಟರಿಗೆ ಒಳಗಿದ್ದ ಪಿ, ಎ ಅಷ್ಟೇ ಕಾಣುತ್ತಿತ್ತು. ಮೇಷ್ಟ್ರು ಒಂದೇ ಬೆರಳಲ್ಲಿ ನಿಧಾನವಾಗಿ ಟೈಪ್ ಮಾಡಿದರು: ಕಟ್ಟೆಗದ್ದೆ. ಅವರಪ್ಪ ಉಳುತ್ತಿದ್ದ ಗದ್ದೆಯಂತೆ. ಏಳು ಕಡೆ ಹಳದಿ ಬೆಳಗಿತು. ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದರು.

"ಇನ್ನೊಂದ್ಸಲ ಹುಡುಕಲಾ?" ಅಂದರು. ಬೀಗ ಹಿಡಿದು ನಿಂತಿದ್ದವರು ಕುರ್ಚಿ ಎಳೆದುಕೊಂಡು ಕೂತರು.