ಮೊದಲು ಟೀಚರನ್ನು ಕೇಳಿ

ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 27 ಮಕ್ಕಳು, ಇಬ್ಬರು ಟೀಚರ್. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುವುದರಿಂದ ಕಾಗದದ ಮೇಲೆ ನಮಗೆ ಯಾವ ಕೊರತೆಯೂ ಇಲ್ಲ. ಆದರೆ ತರಗತಿಗಳು ಐದು. ಒಂದರಿಂದ ಮೂರರವರೆಗಿನ ಮಕ್ಕಳು ನಲಿ-ಕಲಿ ಕೋಣೆಯಲ್ಲಿ ಒಟ್ಟಿಗೆ ಕೂರುತ್ತಾರೆ, ನಾಲ್ಕು ಮತ್ತು ಐದು ಪಕ್ಕದ ಕೋಣೆಯಲ್ಲಿ. ಮುಖ್ಯ ಶಿಕ್ಷಕಿ ಸಭೆಗೋ ತರಬೇತಿಗೋ ತಾಲ್ಲೂಕು ಕೇಂದ್ರ ಸಾಗರಕ್ಕೆ ಹೊರಟರೆಂದರೆ ಅಷ್ಟೂ ಮಕ್ಕಳು ಒಬ್ಬರ ಪಾಲಿಗೆ.

ನಾನು ಈ ಶಾಲೆಯ ಎಸ್‌ಡಿಎಂಸಿ ಸದಸ್ಯೆ. ಮಗಳು ನಾಲ್ಕನೇ ತರಗತಿಯಲ್ಲಿದ್ದಾಳೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ನಮ್ಮ ರಾಜ್ಯದಲ್ಲಿ 2001ರಿಂದಲೇ ಇವೆ. ಆಮೇಲೆ ಬಂದ ಕಾಯ್ದೆಯು ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ಸಹಿ ಹಾಕಿ, ಚಹಾ ಕುಡಿದು ಏಳುವ ಸಮಿತಿ ಎಂದುಕೊಂಡವರು ಈಗಲೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಶಾಲೆಯ ಬಾಗಿಲೊಳಗೆ ಹೋಗಿ ಮಾತಾಡಲು ತಾಯಂದಿರಿಗೆ ಕಾನೂನೇ ಕೊಟ್ಟ ಜಾಗ ಅದು.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, ‘ಅಕ್ಕಾ, ನಾವು ಕೆಲವರು ಸೇರಿ ಶಾಲೆಗೆ ದೊಡ್ಡ ಟಿವಿ ಕೊಡಿಸೋಣ ಎಂದಿದ್ದೇವೆ’ ಎಂದ. ಒಳ್ಳೆಯ ಮನಸ್ಸಿನ ಹುಡುಗ. ‘ತಮ್ಮಾ, ನಿನ್ನ ದುಡ್ಡು, ನಿನ್ನ ಪ್ರೀತಿ ಎರಡೂ ದೊಡ್ಡದು. ಒಮ್ಮೆ ಟೀಚರನ್ನೇ ಕೇಳಿಬಿಡು’ ಎಂದೆ. ಟೀಚರ್ ಕೇಳಿದ್ದು ಹೆಂಚು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಗಳು ಮಾಡಿನ ಮೇಲೆ ಓಡಾಡಿ ಹೆಂಚು ಜಾರಿಸುತ್ತವೆ, ಒಡೆಯುತ್ತವೆ. ಜೂನ್ ಬಂದ ಮೇಲೆ ನಲಿ-ಕಲಿ ಕೋಣೆಯಲ್ಲಿ ಮೂರು ಕಡೆ ಬಕೆಟ್ ಇಟ್ಟು ಪಾಠ ನಡೆಯುತ್ತಿತ್ತು. ಕಲಿಕಾ ಕಾರ್ಡುಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ, ಬಿಡಿಸಿದರೆ ಚಿತ್ರವೇ ಕಿತ್ತು ಬರುತ್ತಿತ್ತು. ಟೀಚರ್ ಅವನ್ನು ಬಿಸಿಯೂಟದ ಕೋಣೆಗೆ ಒಯ್ದು, ಒಲೆಯಿಂದ ದೂರದಲ್ಲಿ ಹಗ್ಗಕ್ಕೆ ಸಿಕ್ಕಿಸಿ ಒಣಗಿಸುವುದನ್ನು ನಾನೇ ನೋಡಿದ್ದೇನೆ. ನಾಲ್ಕು ದಿನ ಕರೆಂಟ್ ಇಲ್ಲದ ಊರಿನಲ್ಲಿ, ಸೋರುವ ಮಾಡಿನ ಕೆಳಗೆ ಟಿವಿ ಏನು ಮಾಡೀತು? ಹುಡುಗರು ಹೆಂಚಿಗೂ ಅದನ್ನು ಹೊರುವ ನಾಲ್ಕು ಪಕಾಸು, ಹತ್ತಾರು ರೀಪಿಗೂ ದುಡ್ಡು ಕಳಿಸಿದರು. ಊರಿನವರು ಒಂದು ಭಾನುವಾರ ಮಾಡು ಹತ್ತಿ ಕೈಯಾಡಿಸಿದರು. ನಮ್ಮಲ್ಲಿ ಅಡಿಕೆ ಮರ ಹತ್ತುವವರಿಗೆ ಮಾಡು ಹತ್ತುವುದು ಯಾವ ಲೆಕ್ಕ! ಈ ಮಳೆಗಾಲದಲ್ಲಿ ಬಕೆಟ್‌ಗಳಿಗೆ ಆ ಕೋಣೆಯಲ್ಲಿ ಕೆಲಸವಿರಲಿಲ್ಲ.

ದೊಡ್ಡ ಸಂಸ್ಥೆಗಳು ದೊಡ್ಡದನ್ನು ಮಾಡಲಿ, ಬೇಡ ಎನ್ನುವುದಿಲ್ಲ. ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆ 2024ರಿಂದ ಆರು ದಿನವೂ ಸಿಗುತ್ತಿದ್ದರೆ, ಅದು ಉಳಿದ ದಿನಗಳ ವೆಚ್ಚವನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವಹಿಸಿಕೊಂಡಿದ್ದರಿಂದ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇದೆ. ಆದರೆ ಅನ್ನ, ಸಾಂಬಾರು ಮಾಡುವ ಒಬ್ಬರೇ ಅಡುಗೆಯವರು ದಿನವೂ ಮೊಟ್ಟೆ ಬೇಯಿಸಿ ಸುಲಿಯಬೇಕಲ್ಲ? ಹನ್ನೆರಡು ಗಂಟೆಯ ಹೊತ್ತಿಗೆ ಯಾರಾದರೊಬ್ಬ ತಾಯಿ ಹೋಗಿ ಸುಲಿದುಕೊಟ್ಟು ಬರುತ್ತಾರೆ. ಯಾವ ಪ್ರತಿಷ್ಠಾನಕ್ಕೂ ಇದು ಕಾಣುವುದಿಲ್ಲ, ಊರಿಗೆ ಮಾತ್ರ ಕಾಣುತ್ತದೆ.

ಟೀಚರ್ ಒಬ್ಬರೇ ಇರುವ ದಿನಗಳಿಗಾಗಿಯೂ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಸೊಸೈಟಿಯಿಂದ ನಿವೃತ್ತರಾದ ಗುಮಾಸ್ತರೊಬ್ಬರು, ಪದವಿ ಓದುವ ಇಬ್ಬರು ಹುಡುಗಿಯರು ಮತ್ತು ನಾನು ಸರದಿಯಲ್ಲಿ ಹೋಗುತ್ತೇವೆ. ಪಾಠ ಮಾಡುವುದು ಟೀಚರ್ ಕೆಲಸ. ನಾವು ಅದಕ್ಕೆ ಕೈ ಹಾಕುವುದಿಲ್ಲ. ಅವರು ಹೇಳಿದ ಪುಟವನ್ನು ಮಕ್ಕಳಿಂದ ಓದಿಸುತ್ತೇವೆ, ಮಗ್ಗಿ ಒಪ್ಪಿಸಿಕೊಳ್ಳುತ್ತೇವೆ. ಗುಮಾಸ್ತರು ಹಾಜರಾತಿ, ಊಟದ ಲೆಕ್ಕದ ಪುಸ್ತಕಗಳಿಗೆ ಗೆರೆ ಹೊಡೆದುಕೊಡುತ್ತಾರೆ. ಮೊದಲು ಟೀಚರ್ ಶಾಲೆಯ ಮಾಹಿತಿ ತುಂಬಲು ಮೊಬೈಲ್ ಹಿಡಿದು ನೆಟ್‌ವರ್ಕ್ ಹುಡುಕುತ್ತಾ ಗುಡ್ಡ ಹತ್ತುತ್ತಿದ್ದರು. ಈಗ ಮನೆಯಿಂದಲೇ ಕಂಪನಿ ಕೆಲಸ ಮಾಡುವ ಹುಡುಗನ ಜಗಲಿಯಲ್ಲಿ ಕೂತು ಮಾಹಿತಿ ತುಂಬುತ್ತಾರೆ. ಹಾಗೆ ಉಳಿದ ಅರ್ಧ ಗಂಟೆ ನೇರವಾಗಿ ಮಕ್ಕಳಿಗೆ ಸಲ್ಲುತ್ತದೆ.

ಒಂದು ವಿಷಯದಲ್ಲಿ ನಾನು ಗಟ್ಟಿ. ಊರಿನವರು ಚಂದಾ ಎತ್ತಿ ಖಾಲಿ ಹುದ್ದೆಗೆ ಸಂಬಳ ಕೊಡುವ ಮಾತು ಬಂದರೆ ಬೇಡ ಎನ್ನುತ್ತೇನೆ. ಶಿಕ್ಷಕರನ್ನು ಕೊಡುವುದು ಸರ್ಕಾರದ ಹೊಣೆ. ಅದಕ್ಕೆ ಅರ್ಜಿ ಬರೆಯೋಣ, ಎಸ್‌ಡಿಎಂಸಿ ಠರಾವು ಮಾಡಿ ಕಳಿಸೋಣ, ಉತ್ತರ ಬರುವವರೆಗೆ ಕೇಳುತ್ತಲೇ ಇರೋಣ. ನಾವೇ ತುಂಬಿಕೊಟ್ಟರೆ ಆ ಹುದ್ದೆ ಖಾಲಿ ಇದೆ ಎಂಬುದೇ ಮೇಲಿನವರಿಗೆ ಮರೆತುಹೋಗುತ್ತದೆ. ಹಳ್ಳದ ಕಾಲುಸಂಕದ ವಿಷಯವೂ ಹಾಗೆಯೇ. ಅಡಿಕೆ ಮರದ ದಬ್ಬೆ ಹಾಕಿ ನಾವು ಕಟ್ಟಿದ್ದು ಈ ವರ್ಷಕ್ಕೆ ಸಾಕು, ಆದರೆ ಅಲ್ಲಿ ಸಿಮೆಂಟಿನ ಕಿರುಸೇತುವೆ ಆಗಲೇಬೇಕು. ಗ್ರಾಮಸಭೆಯಲ್ಲಿ ಮತ್ತೆ ಬರೆದುಕೊಟ್ಟಿದ್ದೇವೆ.

ಅಡಿಕೆ ಕೊಯ್ಲು ಶುರುವಾಗುತ್ತಿದ್ದಂತೆ ಸರದಿ ಸ್ವಲ್ಪ ಸಡಿಲವಾಗುತ್ತದೆ, ರಾತ್ರಿಯೆಲ್ಲ ಸುಲಿತಕ್ಕೆ ಕೂತವರು ಬೆಳಿಗ್ಗೆ ಶಾಲೆಗೆ ಹೇಗೆ ಬಂದಾರು? ಸದ್ಯ ಗುರುವಾರ ಖಾಲಿ ಇದೆ. ಆನಂದಪುರ ಕಡೆಯವರು ಯಾರಾದರೂ ವಾರಕ್ಕೆ ಎರಡು ಗಂಟೆ ಬರುವುದಾದರೆ ಹೇಳಿ, ಟೀಚರನ್ನು ಕೇಳಿ ತಿಳಿಸುತ್ತೇನೆ. ಐದನೇ ತರಗತಿಯ ಮೂವರಿಗೆ ಭಾಗಾಕಾರ ಇನ್ನೂ ಹಿಡಿತಕ್ಕೆ ಬಂದಿಲ್ಲ.